ಪುನರುಕ್ತಿ ಮತ್ತು ಅಚ್ಚು: ಫಂಕ್ಷನಲ್ ಗಣಕಭಾಷೆಗಳ ಮ್ಯಾಕ್ರೊ ವಿಧಾನ ಕುರಿತು ಒಂದು ಜಾನಪದೀಯ ವಿವೇಚನೆ

೧

ಪುನರುಕ್ತಿಯು ಜನಪದ ಸಾಹಿತ್ಯದ ಮುಖ್ಯ ಲಕ್ಷಣಗಳಲ್ಲಿ ಒಂದೆಂಬುದು ಜಾನಪದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಡಿಸಿದ ಜನಪದ ಕಥನದ ನಿಯಮಗಳಲ್ಲಿ ಪುನರಾವರ್ತನೆಯ ನಿಯಮಕ್ಕೆ ಪ್ರಮುಖ ಸ್ಥಾನವಿದೆ. ಮಿಲ್ಮನ್ ಪ್ಯಾರಿ ೧೯೩೩ರಿಂದ ೧೯೩೫ರ ಅವಧಿಯಲ್ಲಿ ಯುಗೊಸ್ಲಾವಿಯದ ಗಾಯಕರ ನಡುವೆ ಕ್ಷೇತ್ರಕಾರ್ಯ ನಡೆಸಿದನು. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಅದನ್ನು ಮುಂದುವರಿಸಿ ೧೯೬೦ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಸಾವಿರಾರು ಸಾಲುಗಳ ಕಾವ್ಯವನ್ನು ಗಾಯಕನು ಬಾಯಿಪಾಠ ಮಾಡಿರುವುದಿಲ್ಲ, ಸಿದ್ಧ ಪದಪುಂಜಗಳ ನೆರವಿನಿಂದ ಹಾಡುವಾಗಲೇ ಕಟ್ಟುತ್ತಾನೆ ಎಂಬುದು ಆ ಗ್ರಂಥದ ಸಾರ.

ಅದೇ ೧೯೬೦ರಲ್ಲಿ ಅಮೆರಿಕದ ಗಣಿತಜ್ಞ ಜಾನ್ ಮೆಕಾರ್ಥಿ ‘ಲಿಸ್ಪ್’ ಎಂಬ ಗಣಕಭಾಷೆಯ ತತ್ತ್ವವನ್ನು ವಿವರಿಸುವ ಪ್ರಬಂಧವನ್ನು ಪ್ರಕಟಿಸಿದನು. ಈ ಎರಡು ಬರಹಗಳಿಗೂ ಪರಸ್ಪರ ಯಾವ ಸಂಬಂಧವೂ ಇಲ್ಲ. ಆದರೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಾಗ ಅದನ್ನು ನಿರ್ವಹಿಸುವ ಬಗೆ ಯಾವುದು ಎಂಬ ಪ್ರಶ್ನೆ ಎರಡರಲ್ಲಿಯೂ ಅಡಗಿದೆ. ಗಾಯಕನು ತನ್ನ ನೆನಪಿನ ಅಚ್ಚಿನಿಂದ ಸಾಲುಗಳನ್ನು ತೆಗೆಯುತ್ತಾನೆ. ಲಿಸ್ಪ್ ಪರಂಪರೆಯ ಭಾಷೆಗಳಲ್ಲಿ ಕ್ರಮವಿಧಿಯೇ (ಪ್ರೋಗ್ರಾಂ) ಇನ್ನೊಂದು ಕ್ರಮವಿಧಿಯನ್ನು ಬರೆಯುತ್ತದೆ. ಈ ಎರಡನೆಯ ವಿಧಾನಕ್ಕೆ ಮೆಟಾಪ್ರೋಗ್ರಾಮಿಂಗ್ ಎಂದು ಹೆಸರು. ಅದರ ಮುಖ್ಯ ಸಾಧನವೇ ‘ಮ್ಯಾಕ್ರೊ’.

ಜನಪದ ಸಾಮಗ್ರಿಯ ಸಂಗ್ರಹಗಳು ಇಂದು ಗಣಕಕ್ಕೆ ಸೇರುತ್ತಿವೆ. ಅವುಗಳನ್ನು ಕಾಯುವ ಕ್ರಮವಿಧಿಗಳ ಒಳರಚನೆಯು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಮ್ಯಾಕ್ರೊ ವಿಧಾನವು ಪುನರುಕ್ತಿಯನ್ನು ಹೇಗೆ ಕಡಿಮೆ ಮಾಡುತ್ತದೆ, ಯಾವ ಪುನರುಕ್ತಿಯನ್ನು ಕಡಿಮೆ ಮಾಡುವುದು ಸಾಧು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨

ಮೊದಲಿಗೆ ಒಂದು ಅನುಭವವನ್ನು ಹೇಳುವುದು ಅಗತ್ಯ. ಕೆಲವು ವರ್ಷಗಳ ಹಿಂದೆ ಕ್ಯಾಸೆಟ್ಟುಗಳಲ್ಲಿದ್ದ ಹಾಡು, ಕತೆ, ಒಗಟುಗಳ ಒಂದು ಸಂಗ್ರಹವನ್ನು ಗಣಕಕ್ಕೆ ಅಳವಡಿಸುವ ಕೆಲಸದಲ್ಲಿ ನಾನು ಭಾಗಿಯಾಗಿದ್ದೆ. ಬೀಸುವ ಪದ, ಸೋಬಾನೆ, ಕೋಲಾಟದ ಪದ, ಲಾವಣಿ, ಗಾದೆ, ಒಗಟು ಮುಂತಾಗಿ ಹನ್ನೆರಡು ಪ್ರಕಾರಗಳನ್ನು ಗುರುತಿಸಿದ್ದೆವು. ಪ್ರತಿಯೊಂದು ಪ್ರಕಾರಕ್ಕೂ ದಾಖಲೆಯನ್ನು ಓದುವುದು, ಪರಿಶೀಲಿಸುವುದು, ಉಳಿಸುವುದು, ಹುಡುಕುವುದು ಎಂಬ ನಾಲ್ಕು ಕೆಲಸಗಳು ಬೇಕಿದ್ದವು. ಮೊದಲು ಬೀಸುವ ಪದಗಳಿಗಾಗಿ ಈ ನಾಲ್ಕನ್ನೂ ಬರೆದು, ಅದನ್ನೇ ನಕಲು ಮಾಡಿ, ಹೆಸರುಗಳನ್ನು ಬದಲಿಸಿ ಉಳಿದ ಹನ್ನೊಂದು ಪ್ರಕಾರಗಳಿಗೂ ಬಳಸಲಾಯಿತು. ಹೀಗೆ ನಲವತ್ತೆಂಟು ತುಂಡುಗಳು ಸಿದ್ಧವಾದವು. ಅವು ನೋಟಕ್ಕೆ ಒಂದೇ ತಾಯಿಯ ಮಕ್ಕಳಂತಿದ್ದವು.

ಮೂಲ ತುಂಡಿನಲ್ಲಿ ಒಂದು ದೋಷವಿತ್ತು. ಹಾಡಿದವರ ಕಲಮಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದರೆ ಮೊದಲನೆಯದು ಮಾತ್ರ ಉಳಿಯುತ್ತಿತ್ತು. ಒಂದು ಬೀಸುವ ಕಲ್ಲಿಗೆ ಎದುರುಬದುರು ಕುಳಿತು ಹಾಡಿದ ಇಬ್ಬರು ಹೆಂಗಸರಲ್ಲಿ ಒಬ್ಬರ ಹೆಸರು ದಾಖಲೆಯಿಂದ ಬಿದ್ದುಹೋಗುತ್ತಿತ್ತು. ದೋಷ ಗೊತ್ತಾದ ಕೂಡಲೇ ತಿದ್ದಿದೆವು. ಹನ್ನೆರಡು ಕಡೆ ತಿದ್ದಬೇಕಿದ್ದಲ್ಲಿ ಹತ್ತು ಕಡೆ ತಿದ್ದಿ, ಎಲ್ಲವೂ ಆಯಿತೆಂದು ಭಾವಿಸಿದೆವು. ಬಿಟ್ಟುಹೋದ ಎರಡು ಸೋಬಾನೆ ಮತ್ತು ಕೋಲಾಟದ ಪದಗಳಾಗಿದ್ದವು. ಗುಂಪಿನಲ್ಲಿ ಹಾಡುವ ಪ್ರಕಾರಗಳೇ ಅವು. ಇದು ಬೆಳಕಿಗೆ ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಕೆಲವು ಕ್ಯಾಸೆಟ್ಟುಗಳ ಮೇಲಿನ ಚೀಟಿಗಳು ಆ ವೇಳೆಗೆ ಕಿತ್ತುಹೋಗಿದ್ದವು. ಧ್ವನಿ ಉಳಿಯಿತು, ಹಾಡಿದ ಕೆಲವರ ಹೆಸರು ಉಳಿಯಲಿಲ್ಲ.

ತಂತ್ರಾಂಶ ಕ್ಷೇತ್ರದಲ್ಲಿ ಇಂತಹ ಅನುಭವಗಳು ಹೊಸವಲ್ಲ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ೧೯೯೯ರಲ್ಲಿ ಪ್ರಕಟಿಸಿದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಎಂಬ ಗ್ರಂಥದಲ್ಲಿ ಪುನರುಕ್ತಿ ಕೂಡದೆಂಬ ತತ್ತ್ವವನ್ನು ಪ್ರತಿಪಾದಿಸಿದ್ದಾರೆ. ಅವರು ನಿಷೇಧಿಸುವುದು ಅಕ್ಷರಗಳ ಪುನರುಕ್ತಿಗಿಂತ ಹೆಚ್ಚಾಗಿ ತಿಳಿವಳಿಕೆಯ ಪುನರುಕ್ತಿಯನ್ನು ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದು ವಿಷಯವನ್ನು ಕುರಿತ ನಿರ್ಧಾರವು ವ್ಯವಸ್ಥೆಯ ಒಂದೇ ಸ್ಥಳದಲ್ಲಿ ಅಧಿಕೃತವಾಗಿ ಇರಬೇಕು ಎಂಬುದು ಅವರ ಆಶಯ. ನಮ್ಮ ಉದಾಹರಣೆಯಲ್ಲಿ ‘ಹಾಡಿದವರೆಲ್ಲರ ಹೆಸರನ್ನೂ ಉಳಿಸಬೇಕು’ ಎಂಬ ಒಂದು ನಿರ್ಧಾರವು ಹನ್ನೆರಡು ಕಡೆ ಹರಡಿತ್ತು. ದೋಷದ ಬೇರು ಅಲ್ಲಿಯೇ ಇತ್ತು.

೩

ಇಂತಹ ಪುನರುಕ್ತಿಯನ್ನು ಕಳೆಯಲು ಫಂಕ್ಷನಲ್ ಭಾಷೆಗಳಲ್ಲಿ ಮೊದಲ ಸಾಧನವೆಂದರೆ ಫಂಕ್ಷನ್. ಈ ಪದವು ಜಾನಪದ ವಿದ್ಯಾರ್ಥಿಗಳಿಗೆ ವ್ಲಾದಿಮಿರ್ ಪ್ರಾಪ್‌ನ ೧೯೨೮ರ ಗ್ರಂಥದಿಂದ ಪರಿಚಿತ. ಕಿನ್ನರ ಕತೆಗಳ ಮೂವತ್ತೊಂದು ಕ್ರಿಯಾಘಟಕಗಳನ್ನು ಅವನು ಅದೇ ಹೆಸರಿನಿಂದ ಕರೆದಿದ್ದಾನೆ. ಗಣಕದಲ್ಲಿ ಅದರ ಅರ್ಥ ಬೇರೆ. ಕೊಟ್ಟ ವಸ್ತುವನ್ನು ಸ್ವೀಕರಿಸಿ ನಿಯಮಕ್ಕೆ ಅನುಸಾರವಾಗಿ ಫಲವನ್ನು ನೀಡುವ ತುಂಡಿಗೆ ಇಲ್ಲಿ ಫಂಕ್ಷನ್ ಎನ್ನುತ್ತಾರೆ. ಫಂಕ್ಷನ್ನನ್ನೇ ಇನ್ನೊಂದು ಫಂಕ್ಷನ್ನಿಗೆ ವಸ್ತುವಾಗಿ ಕೊಡಬಹುದೆಂಬುದು ಈ ಭಾಷೆಗಳ ವೈಶಿಷ್ಟ್ಯ. ‘ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಈ ಕೆಲಸವನ್ನು ಮಾಡು’ ಎಂಬುದನ್ನು ಒಮ್ಮೆ ಬರೆದಿಟ್ಟರೆ, ಯಾವ ಪಟ್ಟಿ, ಯಾವ ಕೆಲಸ ಎಂಬುದನ್ನು ಆಮೇಲೆ ತಿಳಿಸಿದರೆ ಸಾಕು.

ನಮ್ಮ ನಲವತ್ತೆಂಟು ತುಂಡುಗಳಲ್ಲಿ ಬಹುಪಾಲನ್ನು ಇದೊಂದರಿಂದಲೇ ಕಳೆಯಬಹುದಿತ್ತು. ಪ್ರಕಾರದ ಹೆಸರು ಮತ್ತು ಅದರ ಕಲಮುಗಳ ಪಟ್ಟಿಯನ್ನು ವಸ್ತುವಾಗಿ ಸ್ವೀಕರಿಸುವ ನಾಲ್ಕೇ ಫಂಕ್ಷನ್ನುಗಳು ಸಾಕಾಗುತ್ತಿದ್ದವು. ಮ್ಯಾಕ್ರೊವನ್ನು ಕಲಿಯುವ ಉತ್ಸಾಹದಲ್ಲಿ ಈ ಸರಳ ಮಾರ್ಗವನ್ನು ಮರೆಯಬಾರದು.

ಆದರೆ ಫಂಕ್ಷನ್ನಿಗೂ ಮಿತಿಗಳಿವೆ. ಬಹುತೇಕ ಭಾಷೆಗಳಲ್ಲಿ ಫಂಕ್ಷನ್ ತನ್ನ ಕೆಲಸವನ್ನು ತೊಡಗುವ ಮೊದಲೇ ಅದಕ್ಕೆ ಕೊಟ್ಟ ವಸ್ತುಗಳೆಲ್ಲವೂ ಸಿದ್ಧವಾಗಿರಬೇಕು. ‘ಧ್ವನಿ ಇಲ್ಲಿಯೇ ಇದ್ದರೆ ಅದನ್ನು ಕೊಡು, ಇಲ್ಲವಾದರೆ ಭಂಡಾರದಿಂದ ತರಿಸು’ ಎಂಬ ವಿಧಿಯನ್ನು ಸಾಮಾನ್ಯ ಫಂಕ್ಷನ್ನಾಗಿ ಬರೆದರೆ, ಧ್ವನಿ ಕೈಯಲ್ಲಿದ್ದರೂ ಭಂಡಾರಕ್ಕೆ ಒಮ್ಮೆ ಹೋಗಿಬರುವುದು ತಪ್ಪುವುದಿಲ್ಲ. ಹ್ಯಾಸ್ಕೆಲ್ ಭಾಷೆಯಲ್ಲಿ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ಅಗತ್ಯ ಬೀಳುವವರೆಗೆ ಯಾವುದನ್ನೂ ಲೆಕ್ಕ ಮಾಡುವುದಿಲ್ಲ. ಎರಡನೆಯ ಮಿತಿ ಹ್ಯಾಸ್ಕೆಲ್ಲಿಗೂ ಅನ್ವಯಿಸುತ್ತದೆ: ಸಾಮಾನ್ಯ ಫಂಕ್ಷನ್ ಕ್ರಮವಿಧಿಯ ಪಾಠದಲ್ಲಿ ಹೊಸ ಹೆಸರುಗಳನ್ನು, ಹೊಸ ಘೋಷಣೆಗಳನ್ನು ಹುಟ್ಟಿಸಲಾರದು. ಅದು ಮೌಲ್ಯಗಳನ್ನು ಕೊಡುತ್ತದೆ, ಕ್ರಮವಿಧಿಯ ವಾಕ್ಯಗಳನ್ನು ಕೊಡುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಟಿಮ್ ಶೆರ್ಡ್ ಮತ್ತು ಸೈಮನ್ ಪೇಟನ್ ಜೋನ್ಸ್ ೨೦೦೨ರಲ್ಲಿ ‘ಟೆಂಪ್ಲೇಟ್ ಹ್ಯಾಸ್ಕೆಲ್’ ಎಂಬ ವಿಸ್ತರಣೆಯನ್ನು ಮಂಡಿಸಿದರು.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹೋಲಿಕೆಯಿಂದ ಈ ಭೇದವನ್ನು ಸ್ಪಷ್ಟಪಡಿಸಬಹುದು. ಪಾಕವನ್ನು ಮರದ ಅಚ್ಚಿಗೆ ಹೊಯ್ದರೆ ಆನೆಯೋ ಗಿಳಿಯೋ ಸಿದ್ಧವಾಗಿ ಬರುತ್ತದೆ. ಫಂಕ್ಷನ್ ಈ ಅಚ್ಚಿನಂತೆ. ಇನ್ನು ಒಂದೇ ಅಳತೆಯ, ಒಂದೇ ಕೀಲಿನ, ಆದರೆ ಬೇರೆ ಬೇರೆ ಆಕೃತಿಗಳ ನೂರು ಅಚ್ಚುಗಳು ಬೇಕಾದರೆ ಅವನ್ನು ಕೆತ್ತುವ ಬಡಗಿಯ ಬಳಿಗೆ ಹೋಗಬೇಕು. ಮ್ಯಾಕ್ರೊ ಈ ಬಡಗಿಯ ಸ್ಥಾನದಲ್ಲಿದೆ. ಅದಕ್ಕೆ ಕೊಡುವುದು ಪಾಕವನ್ನಲ್ಲ, ನಕ್ಷೆಯನ್ನು. ಅದು ಹಿಂದಿರುಗಿಸುವುದು ಅಚ್ಚನ್ನು. ಅಡುಗೆಮನೆಯಲ್ಲಿ ಒಲೆ ಹೊತ್ತಿಸುವ ಮೊದಲೇ ಬಡಗಿಯ ಕೆಲಸ ಮುಗಿದಿರುತ್ತದೆ. ಮ್ಯಾಕ್ರೊವಿನ ಕೆಲಸವೂ ಕ್ರಮವಿಧಿ ನಡೆಯುವ ಮೊದಲೇ, ಸಾಮಾನ್ಯವಾಗಿ ಕಂಪೈಲ್ ಆಗುವ ವೇಳೆಯಲ್ಲಿ, ಮುಗಿಯುತ್ತದೆ.

೪

ಕ್ರಮವಿಧಿಯು ಕ್ರಮವಿಧಿಯನ್ನು ಬರೆಯಬೇಕಾದರೆ ಎರಡಕ್ಕೂ ಒಂದೇ ರೂಪವಿರುವುದು ಅನುಕೂಲ. ಲಿಸ್ಪ್‌ನಲ್ಲಿ ಇದು ಆರಂಭದಿಂದಲೂ ಇದೆ. ೧೯೫೮ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೆಕಾರ್ಥಿ ಆರಂಭಿಸಿದ ಈ ಭಾಷೆಯಲ್ಲಿ ದತ್ತಾಂಶವೂ ಪಟ್ಟಿ, ಕ್ರಮವಿಧಿಯೂ ಪಟ್ಟಿ. ಆವರಣ ಚಿಹ್ನೆಗಳ ಒಳಗೆ ಮೊದಲು ಕ್ರಿಯೆಯ ಹೆಸರು, ಅನಂತರ ಅದರ ವಸ್ತುಗಳು. ಆದ್ದರಿಂದ ಪಟ್ಟಿಯನ್ನು ಜೋಡಿಸಬಲ್ಲ ಯಾವ ಕ್ರಮವಿಧಿಯೂ ಇನ್ನೊಂದು ಕ್ರಮವಿಧಿಯನ್ನು ಜೋಡಿಸಬಲ್ಲದು. ಈ ಅವಕಾಶವನ್ನು ಗುರುತಿಸಿ ಟಿಮೊತಿ ಹಾರ್ಟ್ ೧೯೬೩ರಲ್ಲಿ ಅದೇ ಸಂಸ್ಥೆಯ ಒಂದು ಕಿರು ಟಿಪ್ಪಣಿಯ ಮೂಲಕ ಲಿಸ್ಪ್‌ಗೆ ಮ್ಯಾಕ್ರೊಗಳನ್ನು ಸೂಚಿಸಿದನು.

ಮ್ಯಾಕ್ರೊ ಎಂದರೆ ಏನೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಕೀರ್ತನೆಗಳ ಮುದ್ರಿತ ಪುಸ್ತಕಗಳಲ್ಲಿ ಪಲ್ಲವಿಯನ್ನು ಒಮ್ಮೆ ಬರೆದು, ಅನಂತರ ‘॥ಪ॥’ ಎಂಬ ಗುರುತನ್ನಷ್ಟೇ ಹಾಕುವ ರೂಢಿಯಿದೆ. ಹಾಡುವವರು ಆ ಗುರುತನ್ನು ಉಚ್ಚರಿಸುವುದಿಲ್ಲ. ಅದರ ಸ್ಥಾನದಲ್ಲಿ ಪಲ್ಲವಿಯನ್ನು ವಿಸ್ತರಿಸಿಕೊಂಡು ಹಾಡುತ್ತಾರೆ. ಇದು ಅತ್ಯಂತ ಸರಳವಾದ ಮ್ಯಾಕ್ರೊ. ಸೋಬಾನೆ ಹಾಡುಗಳನ್ನು ಪ್ರಕಟಿಸುವ ಸಂಪಾದಕರು ಮೊದಲ ನುಡಿಯನ್ನು ಪೂರ್ತಿಯಾಗಿ ಕೊಟ್ಟು, ‘ಇದೇ ರೀತಿ ಅತ್ತೆ, ಮಾವ, ನಾದಿನಿ, ಮೈದುನರನ್ನು ಕುರಿತು’ ಎಂದು ಸೂಚಿಸುವುದುಂಟು. ಇಲ್ಲಿ ಒಂದು ಖಾಲಿ ಸ್ಥಾನವಿದೆ, ಆ ಸ್ಥಾನದಲ್ಲಿ ನಿಲ್ಲಬೇಕಾದವರ ಪಟ್ಟಿಯಿದೆ. ಇದು ಎರಡನೆಯ ಹಂತದ ಮ್ಯಾಕ್ರೊ.

ಖಾಲಿ ಸ್ಥಾನವನ್ನು ಗುರುತಿಸಲು ಲಿಸ್ಪ್ ಒಂದು ವಿಶೇಷ ವಿಧಾನವನ್ನು ಬಳಸುತ್ತದೆ. ಒಂದು ವಾಕ್ಯವನ್ನು ‘ನಡೆಸಬೇಡ, ಇದ್ದಂತೆಯೇ ಇರಿಸು’ ಎಂದು ಹೇಳಿ, ಅದರ ಒಳಗಿನ ಒಂದೆರಡು ಸ್ಥಾನಗಳನ್ನು ಮಾತ್ರ ‘ಇಲ್ಲಿ ಕೊಟ್ಟದ್ದನ್ನು ತುಂಬು’ ಎಂದು ತೆರೆದಿಡಲಾಗುತ್ತದೆ. ಇದಕ್ಕೆ ಕ್ವಾಸಿಕೋಟ್ ಎಂದು ಹೆಸರು. ಪದವು ತರ್ಕಶಾಸ್ತ್ರಜ್ಞ ಕ್ವೈನ್ ೧೯೪೦ರಲ್ಲಿ ಬಳಸಿದ ಪರಿಭಾಷೆಯಿಂದ ಬಂದಿದೆ. ಎಲಿಕ್ಸರ್ ಭಾಷೆಯಲ್ಲಿ ಇದೇ ಕೆಲಸವನ್ನು ‘ಕೋಟ್’ ಮತ್ತು ‘ಅನ್‌ಕೋಟ್’ ಎಂಬ ಜೋಡಿ ಮಾಡುತ್ತದೆ.

ನಿಯಮಗಳ ಲಾಘವವನ್ನು ನಮ್ಮ ವ್ಯಾಕರಣ ಪರಂಪರೆಯೂ ಬಲ್ಲದು. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಪಾಣಿನಿಯು ಹಿಂದಿನ ಸೂತ್ರದ ಪದವನ್ನು ಮುಂದಿನ ಸೂತ್ರಗಳಿಗೆ ಅನುವೃತ್ತಿಯಿಂದ ತರುತ್ತಾನೆ. ‘ಅಚ್’ ಎಂಬ ಒಂದು ಪ್ರತ್ಯಾಹಾರದಿಂದ ಸ್ವರಗಳೆಲ್ಲವನ್ನೂ ಗ್ರಹಿಸುತ್ತಾನೆ. ಸೂತ್ರಗಳನ್ನು ಹೇಗೆ ಅನ್ವಯಿಸಬೇಕೆಂದು ತಿಳಿಸುವ ಪರಿಭಾಷಾ ಸೂತ್ರಗಳು ನಿಯಮಗಳ ಮೇಲಿನ ನಿಯಮಗಳೇ ಆಗಿವೆ. ಪಾಣಿನಿಯಲ್ಲಿ ಗಣಕವಿಜ್ಞಾನವನ್ನು ಕಾಣುವ ಅತಿಶಯೋಕ್ತಿ ಇಲ್ಲಿ ನನ್ನ ಉದ್ದೇಶವಲ್ಲ. ಪುನರುಕ್ತಿಯನ್ನು ಕಳೆಯಲು ಒಂದು ಮೆಟ್ಟಿಲು ಮೇಲೇರಿ ನಿಂತು ಮಾತನಾಡಬೇಕಾಗುತ್ತದೆ ಎಂಬ ಅರಿವು ಶಾಸ್ತ್ರಕಾರರಿಗೆ ಇತ್ತೆಂಬುದಷ್ಟೇ ಇಲ್ಲಿ ಪ್ರಸ್ತುತ.

೫

ಈ ವಿಧಾನದ ಉಪಯೋಗವನ್ನು ಕಾಣಲು ಎಲಿಕ್ಸರ್ ಭಾಷೆಯ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಬ್ರೆಜಿಲ್ ದೇಶದ ಜೋಸೆ ವಾಲಿಂ ರೂಪಿಸಿದ ಈ ಫಂಕ್ಷನಲ್ ಭಾಷೆಯ ಮೊದಲ ಪೂರ್ಣ ಆವೃತ್ತಿ ೨೦೧೪ರಲ್ಲಿ ಹೊರಬಂದಿತು. ಜಗತ್ತಿನ ಲಿಪಿಗಳ ಅಕ್ಷರಗಳನ್ನೆಲ್ಲ ಅದು ನಿರ್ವಹಿಸಬೇಕು. ಅವುಗಳ ಗುಣಲಕ್ಷಣಗಳನ್ನು ಯೂನಿಕೋಡ್ ಒಕ್ಕೂಟವು ಒಂದು ಸಾದಾ ಪಠ್ಯ ಕಡತದಲ್ಲಿ ಪ್ರಕಟಿಸುತ್ತದೆ. ಹತ್ತಾರು ಸಾವಿರ ಸಾಲುಗಳ ಆ ಕಡತದಲ್ಲಿ ಪ್ರತಿಯೊಂದು ಸಾಲಿನಲ್ಲಿಯೂ ಅರ್ಧವಿರಾಮ ಚಿಹ್ನೆಗಳಿಂದ ಬೇರ್ಪಡಿಸಿದ ಹದಿನೈದು ಕಲಮುಗಳಿವೆ.

ಲ್ಯಾಟಿನ್, ಗ್ರೀಕ್, ಸಿರಿಲಿಕ್ ಮುಂತಾದ ಲಿಪಿಗಳಲ್ಲಿ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ಭೇದವಿದೆ. ಕನ್ನಡಕ್ಕೆ ಈ ಭೇದವಿಲ್ಲ. ಸಣ್ಣಕ್ಷರವನ್ನು ದೊಡ್ಡಕ್ಷರಕ್ಕೆ ಪರಿವರ್ತಿಸುವ ಫಂಕ್ಷನ್ನನ್ನು ಕೈಯಿಂದ ಬರೆಯಹೊರಟರೆ ಅಕ್ಷರಕ್ಕೊಂದರಂತೆ ಸಾವಿರಕ್ಕೂ ಮಿಕ್ಕ ವಿಧಿಗಳನ್ನು ಬರೆಯಬೇಕು. ಎಲಿಕ್ಸರ್ ಹಾಗೆ ಮಾಡುವುದಿಲ್ಲ. ಆ ಭಾಷೆಯಲ್ಲಿ ಮಾಡ್ಯೂಲಿನ ಒಡಲು ಕಂಪೈಲ್ ವೇಳೆಯಲ್ಲಿಯೇ ನಡೆಯುತ್ತದೆ. ಆದ್ದರಿಂದ ಅಲ್ಲಿ ಯೂನಿಕೋಡ್ ಕಡತವನ್ನು ತೆರೆದು, ಸಾಲುಸಾಲಾಗಿ ಓದಿ, ಪ್ರತಿಯೊಂದು ಸಾಲಿಗೂ ಒಂದು ವಿಧಿಯನ್ನು ತಾನಾಗಿ ನಿರ್ಮಿಸಲಾಗುತ್ತದೆ. ಬರೆದ ಪಾಠ ಕೆಲವೇ ಸಾಲು, ಹುಟ್ಟುವ ವಿಧಿಗಳು ಸಾವಿರಾರು. ಕ್ರಮವಿಧಿ ನಡೆಯುವಾಗ ಕಡತವನ್ನು ಮತ್ತೆ ತೆರೆಯಬೇಕಾಗಿಲ್ಲ, ಏಕೆಂದರೆ ಅದರ ತಿರುಳು ಆಗಲೇ ವಿಧಿಗಳ ರೂಪದಲ್ಲಿ ಕ್ರಮವಿಧಿಯೊಳಗೆ ಸೇರಿಹೋಗಿರುತ್ತದೆ.

ಕನ್ನಡಕ್ಕೆ ಇದರಿಂದಾದ ಪ್ರಯೋಜನವೂ ಗಮನಾರ್ಹ. ಹಳಗನ್ನಡ ಬರಹದಲ್ಲಿ ಕಾಣುವ ‘ನಕಾರ ಪೊಲ್ಲು’ ಎಂಬ ಅಕ್ಷರಕ್ಕೆ ೨೦೨೧ರಲ್ಲಿ ಬಂದ ಯೂನಿಕೋಡಿನ ಹದಿನಾಲ್ಕನೆಯ ಆವೃತ್ತಿಯಲ್ಲಿ ಸ್ಥಾನ ದೊರೆಯಿತು. ಕ್ರಮವಿಧಿಯಲ್ಲಿ ಬಳಸುವ ಹೆಸರುಗಳಲ್ಲಿ ಯಾವ ಯಾವ ಅಕ್ಷರಗಳು ಬರಬಹುದೆಂಬುದನ್ನು ಸಹ ಎಲಿಕ್ಸರ್ ಯೂನಿಕೋಡಿನ ಕಡತಗಳಿಂದಲೇ ತಿಳಿಯುತ್ತದೆ. ಹೊಸ ಕಡತವನ್ನು ಹಳೆಯದರ ಸ್ಥಾನದಲ್ಲಿ ಇರಿಸಿದರೆ, ಈ ಅಕ್ಷರಕ್ಕಾಗಿ ಪ್ರತ್ಯೇಕ ವಿಧಿಯನ್ನು ಕೈಯಿಂದ ಬರೆಯಬೇಕಾಗುವುದಿಲ್ಲ. ತಿಳಿವಳಿಕೆ ಒಂದೇ ಕಡೆ, ಪಟ್ಟಿಯಲ್ಲಿ ಇದೆ. ಉಳಿದದ್ದು ಅದರಿಂದ ಹುಟ್ಟುತ್ತದೆ.

ಮೇಲೆ ಹೇಳಿದ ಸಂಗ್ರಹದ ಕೆಲಸವನ್ನು ಇದೇ ಮಾದರಿಯಲ್ಲಿ ಪುನಃ ಕಟ್ಟಿದೆವು. ಹನ್ನೆರಡು ಪ್ರಕಾರಗಳ ಹೆಸರು, ಅವುಗಳ ಕಲಮುಗಳು, ಯಾವ ಕಲಮಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳು ಬರಬಹುದೆಂಬ ಸೂಚನೆ, ಇವಿಷ್ಟನ್ನು ಒಂದು ಪಟ್ಟಿಯಲ್ಲಿ ಇರಿಸಿದೆವು. ಸಾಮಾನ್ಯ ಕೆಲಸವನ್ನೆಲ್ಲ ನಾಲ್ಕು ಫಂಕ್ಷನ್ನುಗಳಿಗೆ ಒಪ್ಪಿಸಿದೆವು. ಪ್ರಕಾರಕ್ಕೊಂದು ಹೆಸರುಳ್ಳ ವಿಧಿಗಳನ್ನು ಹುಟ್ಟಿಸುವುದು, ಪಟ್ಟಿಯಲ್ಲಿ ಕಲಮಿನ ಹೆಸರು ತಪ್ಪಾಗಿದ್ದರೆ ಕಂಪೈಲ್ ವೇಳೆಯಲ್ಲಿಯೇ ತಡೆಯುವುದು, ಹಾಡಿದವರ ಕಲಮು ಇಲ್ಲದ ಪ್ರಕಾರವನ್ನು ಒಪ್ಪದಿರುವುದು, ಈ ಮೂರನ್ನು ಮಾತ್ರ ಮ್ಯಾಕ್ರೊಗೆ ಬಿಟ್ಟೆವು. ಹಾಡಿದವರ ಹೆಸರಿನ ನಿರ್ಧಾರ ಈಗ ಒಂದು ಕಡೆ ಮಾತ್ರ ಇದೆ. ತಪ್ಪಾದರೆ ಹನ್ನೆರಡೂ ಪ್ರಕಾರಗಳಲ್ಲಿ ಒಟ್ಟಿಗೆ ತಪ್ಪಾಗುತ್ತದೆ, ಆದ್ದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ತಿದ್ದಿದರೆ ಎಲ್ಲ ಕಡೆಯೂ ಸರಿಹೋಗುತ್ತದೆ.

೬

ಮ್ಯಾಕ್ರೊ ವಿಧಾನದಲ್ಲಿ ಅಪಾಯಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ಹೆಸರುಗಳ ಗೊಂದಲ. ‘ಮೊದಲನೆಯದು ಇದ್ದರೆ ಅದು, ಇಲ್ಲದಿದ್ದರೆ ಎರಡನೆಯದು’ ಎಂಬ ಅರ್ಥದ ಒಂದು ಮ್ಯಾಕ್ರೊವನ್ನು ಲಿಸ್ಪ್ ರೀತಿಯಲ್ಲಿ, ಕನ್ನಡದ ಪದಗಳನ್ನು ಬಳಸಿ, ಹೀಗೆ ಬರೆಯಬಹುದು:

(ಅಥವಾ ಕ ಖ)

ಇದರ ವಿಸ್ತರಣೆ:

(ಇರಲಿ ((ತ ಕ))
  (ಆದರೆ ತ ತ ಖ))

‘ಕ’ದ ಮೌಲ್ಯಕ್ಕೆ ‘ತ’ ಎಂಬ ಹೆಸರಿರಲಿ, ‘ತ’ ಇರುವುದಾದರೆ ಫಲ ‘ತ’, ಇಲ್ಲದಿದ್ದರೆ ‘ಖ’ ಎಂಬುದು ಇದರ ತಾತ್ಪರ್ಯ. ‘ತ’ ಎಂಬುದು ಮ್ಯಾಕ್ರೊ ತನ್ನ ಅನುಕೂಲಕ್ಕಾಗಿ ಇಟ್ಟುಕೊಂಡ ತಾತ್ಕಾಲಿಕ ಹೆಸರು. ಈಗ ಈ ಮ್ಯಾಕ್ರೊವನ್ನು ಬಳಸುವವರು, ತಿದ್ದಿದ ಪಾಠಕ್ಕೆ ತಾವೂ ‘ತ’ ಎಂದೇ ಹೆಸರಿಟ್ಟು, (ಅಥವಾ ಮೂಲಪಾಠ ತ) ಎಂದು ಬರೆದರೆನ್ನಿ. ವಿಸ್ತರಣೆಯಲ್ಲಿ ‘ಖ’ದ ಸ್ಥಾನಕ್ಕೂ ‘ತ’ ಬರುತ್ತದೆ. ಮೂಲಪಾಠ ಇಲ್ಲದಿದ್ದಾಗ ತಿದ್ದಿದ ಪಾಠ ದೊರೆಯುವ ಬದಲು ಏನೂ ದೊರೆಯುವುದಿಲ್ಲ. ಬಳಸಿದವರು ಬರೆದ ವಾಕ್ಯದಲ್ಲಿ ತಪ್ಪಿಲ್ಲ, ಮ್ಯಾಕ್ರೊವಿನ ತರ್ಕದಲ್ಲಿಯೂ ತಪ್ಪಿಲ್ಲ. ಎರಡು ‘ತ’ಗಳು ಒಂದೇ ಮನೆಯಲ್ಲಿ ಸೇರಿದ್ದೇ ತೊಂದರೆ.

ಒಂದೇ ಊರಿನಲ್ಲಿ ಇಬ್ಬರು ನಿಂಗಪ್ಪಂದಿರು ಇದ್ದರೆ ನಮ್ಮ ಜನ ಮನೆತನದ ಹೆಸರಿನಿಂದ ಅವರನ್ನು ಬೇರ್ಪಡಿಸುತ್ತಾರೆ. ೧೯೮೬ರಲ್ಲಿ ಯೂಜೀನ್ ಕೋಲ್‌ಬೆಕರ್ ಮತ್ತು ಸಂಗಡಿಗರು ಮಂಡಿಸಿದ ಪರಿಹಾರದ ಸತ್ತ್ವವೂ ಇದೇ. ಮ್ಯಾಕ್ರೊವಿನ ವಿಸ್ತರಣೆಯಿಂದ ಹುಟ್ಟಿದ ಹೆಸರು ಯಾವುದು, ಬಳಸಿದವರಿಂದ ಬಂದ ಹೆಸರು ಯಾವುದು ಎಂಬ ಗುರುತನ್ನು ಯಂತ್ರವೇ ಕಾಯ್ದುಕೊಳ್ಳುತ್ತದೆ. ಇಂತಹ ಮ್ಯಾಕ್ರೊಗಳಿಗೆ ‘ಹೈಜೀನಿಕ್’, ಅಂದರೆ ಶುಚಿಯಾದ ಮ್ಯಾಕ್ರೊಗಳೆಂದು ಹೆಸರು. ಲಿಸ್ಪ್ ವಂಶದ ಸ್ಕೀಮ್ ಭಾಷೆಯ ೧೯೯೮ರ ವಿವರಣೆಯಲ್ಲಿ ಇವುಗಳಿಗೆ ಖಚಿತ ಸ್ಥಾನ ದೊರೆತಿದೆ. ಎಲಿಕ್ಸರ್ ಸಹ ಇದನ್ನು ಸಹಜ ವರ್ತನೆಯಾಗಿ ಪಾಲಿಸುತ್ತದೆ.

ಮೇಲಿನ ಉದಾಹರಣೆಯ ಕನ್ನಡ ಪದಗಳು ಕೇವಲ ವಿವರಣೆಯ ಅನುಕೂಲಕ್ಕಾಗಿ ಬಂದವಲ್ಲ ಎಂಬುದನ್ನೂ ಇಲ್ಲಿ ಸೂಚಿಸಬಹುದು. ೨೦೦೭ರ ಸ್ಕೀಮ್ ವಿವರಣೆಯ ಪ್ರಕಾರ ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳನ್ನು ಬಳಸಬಹುದು. ಭಾಷೆಯ ಮೂಲ ಪದಗಳಿಗೆ ‘ಆದರೆ’, ‘ಇರಲಿ’ ಎಂಬ ಕನ್ನಡ ಪರ್ಯಾಯಗಳನ್ನು ಮ್ಯಾಕ್ರೊಗಳಿಂದ ಕಟ್ಟಿಕೊಳ್ಳುವುದು ಸಾಧ್ಯ. ಇದನ್ನು ಫಂಕ್ಷನ್ನುಗಳಿಂದ ಸಾಧಿಸಲಾಗದು.

ಎರಡನೆಯ ಅಪಾಯ ಓದಿಗೆ ಸಂಬಂಧಿಸಿದ್ದು. ಮ್ಯಾಕ್ರೊವಿನಿಂದ ಹುಟ್ಟಿದ ವಿಧಿಗಳು ಕಡತದಲ್ಲಿ ಕಾಣಿಸುವುದಿಲ್ಲ. ದೋಷ ಸಂಭವಿಸಿದಾಗ ಯಂತ್ರವು ತೋರುವ ಸ್ಥಾನದಲ್ಲಿ, ಬರೆದವರೇ ಕಂಡಿರದ ವಾಕ್ಯ ಇರಬಹುದು. ಬರೆದವರು ಕೆಲಸ ಬಿಟ್ಟುಹೋದ ಮೇಲೆ ಬರುವವರಿಗೆ ಇದು ಕಷ್ಟ. ಆದ್ದರಿಂದಲೇ ಎಲಿಕ್ಸರ್ ಭಾಷೆಯ ಅಧಿಕೃತ ಕೈಪಿಡಿಯೇ ಮ್ಯಾಕ್ರೊವನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಬೇಕೆಂದು ಎಚ್ಚರಿಸುತ್ತದೆ.

೭

ಮೇಲಿನ ವಿವೇಚನೆಯಿಂದ ಪುನರುಕ್ತಿಯೆಲ್ಲವೂ ದೋಷವೆಂಬ ಭಾವನೆ ಹುಟ್ಟಬಾರದು. ಜಾನಪದದ ಅಧ್ಯಯನ ಇಲ್ಲಿ ಒಂದು ಅಗತ್ಯವಾದ ತಿದ್ದುಪಡಿಯನ್ನು ಸೂಚಿಸುತ್ತದೆ.

ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ೧೯೯೦ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಮಹಾಕಾವ್ಯವನ್ನು ದಾಖಲಿಸಿದರು. ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಈ ಕಾರ್ಯದಲ್ಲಿ ಅವರ ಸಹವರ್ತಿಗಳಾಗಿದ್ದರು. ೧೫,೬೮೩ ಸಾಲುಗಳ ಈ ಪಾಠವು ೧೯೯೮ರಲ್ಲಿ ಪ್ರಕಟವಾಯಿತು. ಕಾವ್ಯದಲ್ಲಿ ಮತ್ತೆ ಮತ್ತೆ ಬರುವ ವರ್ಣನೆಗಳನ್ನು ಹಾಂಕೊ ‘ಮಲ್ಟಿಫಾರ್ಮ್’ ಎಂದು ಕರೆದರು. ಇವು ಪುನರಾವರ್ತಿಸಬಲ್ಲ ಅಭಿವ್ಯಕ್ತಿಗಳೇ ಆದರೂ ಅವುಗಳ ಉದ್ದ ಒಂದೇ ಆಗಿರುವುದಿಲ್ಲ. ಸಂದರ್ಭಕ್ಕೆ ತಕ್ಕಂತೆ ಗಾಯಕನು ಅವನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆ ಪಾಠವನ್ನು ಪುನರುಕ್ತಿಗಳನ್ನು ತೆಗೆದು ಮುದ್ರಿಸಿದ್ದರೆ ಪುಟಗಳು ಉಳಿಯುತ್ತಿದ್ದವು, ಈ ತಿಳಿವಳಿಕೆ ಮಾತ್ರ ಹುಟ್ಟುತ್ತಿರಲಿಲ್ಲ.

ಸೋಬಾನೆ ಹಾಡಿನ ‘ಇದೇ ರೀತಿ’ ಎಂಬ ಸೂಚನೆಯನ್ನು ಈಗ ಮತ್ತೊಮ್ಮೆ ಪರಿಶೀಲಿಸಬೇಕು. ಅತ್ತೆ, ಮಾವ, ಮೈದುನರ ನುಡಿಗಳಲ್ಲಿ ಬಂಧುವಾಚಕ ಮಾತ್ರ ಬದಲಾಗಿದ್ದರೆ ಸಂಪಾದಕರ ಸಂಕ್ಷೇಪದಿಂದ ಹಾನಿಯಿಲ್ಲ. ಆದರೆ ನಾದಿನಿಯ ನುಡಿಗೆ ಬಂದಾಗ ಹಾಡುವಾಕೆ ಒಂದು ಕುಟುಕು ಮಾತನ್ನು ಸೇರಿಸಿದ್ದರೆ, ತಾಯಿಯ ನುಡಿಯಲ್ಲಿ ಧ್ವನಿ ಇಳಿಸಿ ಒಂದು ಸಾಲನ್ನು ಬಿಟ್ಟಿದ್ದರೆ, ‘ಇದೇ ರೀತಿ’ ಎಂಬ ಎರಡು ಪದಗಳು ಅದನ್ನೆಲ್ಲ ನುಂಗಿಬಿಡುತ್ತವೆ. ಮುಂದಿನ ಓದುಗರಿಗೆ ಅಲ್ಲಿ ಏನಿತ್ತೆಂದು ತಿಳಿಯುವ ಮಾರ್ಗವೇ ಇರುವುದಿಲ್ಲ.

ಕ್ರಮವಿಧಿಯಲ್ಲಿಯೂ ಇದೇ ಮಾತು ಸಲ್ಲುತ್ತದೆ. ಇಂದು ಒಂದೇ ರೀತಿ ಕಾಣುವ ಎರಡು ತುಂಡುಗಳು ನಾಳೆ ಬೇರೆ ಬೇರೆ ಕಾರಣಗಳಿಗಾಗಿ ಬದಲಾಗುವಂತಿದ್ದರೆ ಅವುಗಳ ಸಾಮ್ಯ ಆಕಸ್ಮಿಕ. ಒಗಟಿನ ‘ಉತ್ತರ’ ಮತ್ತು ಲಾವಣಿಯ ‘ಅಂಕಿತ’ ಎರಡೂ ನಮ್ಮ ಸಂಗ್ರಹದಲ್ಲಿ ಕೊನೆಯ ಕಲಮುಗಳಾಗಿದ್ದವು. ಆರಂಭದಲ್ಲಿ ಎರಡನ್ನೂ ಒಂದೇ ಅಚ್ಚಿನಿಂದ ತೆಗೆದೆವು. ಒಂದು ಒಗಟಿಗೆ ಒಂದೂರಿನಲ್ಲಿ ಒಂದು ಉತ್ತರ, ಪಕ್ಕದ ಊರಿನಲ್ಲಿ ಇನ್ನೊಂದು ಉತ್ತರವಿರುವುದು ಕಂಡುಬಂದಾಗ ಆ ಅಚ್ಚನ್ನು ಒಡೆಯಬೇಕಾಯಿತು. ಸ್ಥಾನ ಒಂದೇ ಆಗಿದ್ದಿತೇ ಹೊರತು ತಿಳಿವಳಿಕೆ ಒಂದೇ ಆಗಿರಲಿಲ್ಲ.

ಆದ್ದರಿಂದ ಒಂದು ಮಾನದಂಡವನ್ನು ಸೂಚಿಸಬಹುದು. ವ್ಯತ್ಯಾಸಗಳನ್ನೆಲ್ಲ ಮುಂಚಿತವಾಗಿ ಪಟ್ಟಿ ಮಾಡಲು ಸಾಧ್ಯವಿದ್ದು, ಉಳಿದ ಭಾಗವು ಒಂದೇ ನಿರ್ಧಾರದಿಂದ ಹುಟ್ಟಿದ್ದರೆ ಅಲ್ಲಿ ಅಚ್ಚು ಉಚಿತ. ಯೂನಿಕೋಡ್ ಕಡತ ಇದಕ್ಕೆ ಉತ್ತಮ ನಿದರ್ಶನ. ವ್ಯತ್ಯಾಸವು ಹೇಳುವಾಗಲೇ, ಹಾಡುವಾಗಲೇ, ಬಳಸುವಾಗಲೇ ಹುಟ್ಟುವಂತಿದ್ದರೆ ಅಲ್ಲಿ ಪ್ರತಿಯೊಂದು ಆವೃತ್ತಿಯನ್ನೂ ಪೂರ್ಣವಾಗಿ ಉಳಿಸಿಕೊಳ್ಳುವುದೇ ಸರಿ.

೮

ಈ ಪ್ರಬಂಧದಲ್ಲಿ ಪುನರುಕ್ತಿಯ ಎರಡು ಲೋಕಗಳನ್ನು ಜೊತೆಯಾಗಿ ನೋಡುವ ಪ್ರಯತ್ನ ಮಾಡಲಾಗಿದೆ. ಸಂಗ್ರಹವನ್ನು ಕಾಯುವ ಕ್ರಮವಿಧಿಯಲ್ಲಿ ಒಂದು ನಿರ್ಧಾರವನ್ನು ಹಲವು ಕಡೆ ಬರೆಯುವುದು ಅಪಾಯಕರ. ಅದನ್ನು ಮೊದಲು ಫಂಕ್ಷನ್ನಿನಿಂದ, ಅದು ಸಾಲದೆಂದು ಖಚಿತವಾದಲ್ಲಿ ಮ್ಯಾಕ್ರೊವಿನಿಂದ ಒಂದೆಡೆಗೆ ತರಬೇಕು. ಸಂಗ್ರಹದ ಒಳಗಿರುವ ಪಾಠದಲ್ಲಾದರೋ ಪುನರುಕ್ತಿಯನ್ನು ಮುಟ್ಟುವ ಅಧಿಕಾರ ಯಂತ್ರಕ್ಕಿಲ್ಲ, ಅವಸರದ ಸಂಪಾದಕರಿಗೂ ಇಲ್ಲ.

ಜಾನಪದ ಸಂಗ್ರಹಗಳ ಗಣಕೀಕರಣದಲ್ಲಿ ತೊಡಗಿರುವ ಸಂಸ್ಥೆಗಳು ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಕ್ರಮವಿಧಿಯ ರಚನೆಯನ್ನು ತಂತ್ರಜ್ಞರಿಗೆ ಪೂರ್ತಿಯಾಗಿ ಒಪ್ಪಿಸಿ ವಿದ್ವಾಂಸರು ದೂರ ನಿಲ್ಲುವುದಾಗಲೀ, ಪಾಠದ ಸಂಕ್ಷೇಪವನ್ನು ಕಡತದ ಗಾತ್ರದ ದೃಷ್ಟಿಯಿಂದ ನಿರ್ಧರಿಸುವುದಾಗಲೀ ಸರಿಯಲ್ಲ. ಯಾವುದು ಒಂದೇ, ಯಾವುದು ಒಂದೇ ಎಂದು ಕಾಣುತ್ತದೆ ಎಂಬುದನ್ನು ಹೇಳಬಲ್ಲವರು ಕ್ಷೇತ್ರದಲ್ಲಿ ಕುಳಿತು ಕೇಳಿದವರು. ಆ ಮಾತನ್ನು ಅವರು ಪಟ್ಟಿಯ ರೂಪದಲ್ಲಿ ಬರೆದುಕೊಡಬೇಕು.

ಬೀಸುವ ಕಲ್ಲಿನ ಎದುರು ಕುಳಿತಿದ್ದ ಎರಡನೆಯ ಹೆಂಗಸಿನ ಹೆಸರು ನಮ್ಮ ಕೆಲವು ದಾಖಲೆಗಳಲ್ಲಿ ಇಂದಿಗೂ ಖಾಲಿಯಾಗಿದೆ. ಆ ಕಲಮನ್ನು ನಾವು ಅಳಿಸಿಲ್ಲ. ಹಾಡನ್ನು ಕೇಳಿ ಧ್ವನಿಯನ್ನು ಗುರುತಿಸಬಲ್ಲವರು ಆ ಊರುಗಳಲ್ಲಿ ಇನ್ನೂ ಇರಬಹುದೆಂಬ ನಿರೀಕ್ಷೆಯಿಂದ ಅದನ್ನು ಹಾಗೆಯೇ ತೆರೆದಿಟ್ಟಿದ್ದೇವೆ.